ಉಸಿರು ಬಿಗಿಹಿಡಿದ ಮಧ್ಯಾಹ್ನಗಳು

ಆಗಿನ್ನೂ ಲಕ್ಷ್ಮೀ ನಗರಕ್ಕೆ ಮೆಟ್ರೋ ಬಂದಿರಲಿಲ್ಲ. ನಮ್ಮ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಬೇಸಿಗೆಯೆಂದರೆ ಕೂಲರಿನ ಒದ್ದೆ ಹುಲ್ಲಿನ ವಾಸನೆ, ತಳ್ಳುಗಾಡಿಯ ಭಯ್ಯಾ ಕೊಯ್ದುಕೊಡುತ್ತಿದ್ದ ಖರ್ಬೂಜ, ಗಲ್ಲಿಯಲ್ಲಿ ಸ್ಟಾಪೂ. ನಮ್ಮ ಕುಂಟೆಬಿಲ್ಲೆಗೆ ಅಲ್ಲಿನ ಹಿಂದಿ ಮಾತಾಡುವ ಮಕ್ಕಳು ಹಾಗೆನ್ನುತ್ತಿದ್ದರು. ಅಂಥದೊಂದು ಬೇಸಿಗೆಯಲ್ಲಿ, ಎಂಟು ವರ್ಷದ ನಾನು ತಮ್ಮನನ್ನು ಕಂಡು ಹೊಟ್ಟೆ ಉರಿದುಕೊಂಡೆ. ಅವನಿದ್ದಾಗಲೂ, ಅವನು ಹೋದ ಮೇಲೂ.

ಅವನು ಹುಟ್ಟಿದ್ದು ಜನವರಿಯ ಕೊರೆಯುವ ಚಳಿಯಲ್ಲಿ. ಬಾಣಂತನಕ್ಕೆಂದು ಅಜ್ಜಿ ಮೈಸೂರಿನಿಂದ ಬಜೆ, ಸಾಂಬ್ರಾಣಿ, ಲೇಹ್ಯದ ಡಬ್ಬಿ ಹೊತ್ತು ರೈಲಿನಲ್ಲಿ ಬಂದರು. ರಜಾಯಿಯೊಳಗೆ ಅಮ್ಮನ ಪಕ್ಕದ ನನ್ನ ಜಾಗ ಅವನದಾಯಿತು. ಲೇಹ್ಯಕ್ಕೆ ಕೈಚಾಚಿದರೆ ಅಜ್ಜಿ, "ಇದು ಬಾಣಂತಿಗೆ ಕಣೇ, ನೀನೇನು ಹೆತ್ತಿದ್ದೀಯಾ?" ಎಂದು ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ.

ಅಜ್ಜಿ ಊರಿಗೆ ಮರಳಿದ ಮೇಲೆ, ಏಪ್ರಿಲ್ ಕೊನೆಯ ಒಂದು ಮಧ್ಯಾಹ್ನ, ಹಾಲು ಕುಡಿದು ಮಲಗಿದ ಮಗು ಏಳಲಿಲ್ಲ. ಜ್ವರವಿರಲಿಲ್ಲ, ಕೆಮ್ಮೂ ಇರಲಿಲ್ಲ. ಅಮ್ಮ ಅವನನ್ನು ಅಲುಗಾಡಿಸುತ್ತಾ ಹೆಸರು ಹಿಡಿದು ಕೂಗುತ್ತಿದ್ದುದನ್ನು ಬಾಗಿಲಲ್ಲಿ ನಿಂತು ನೋಡಿದೆ. ಕೆಲವು ಹಸುಗೂಸುಗಳು ಹೀಗೆ ನಿದ್ದೆಯಲ್ಲೇ ಹೋಗಿಬಿಡುತ್ತವೆ, ಯಾರ ತಪ್ಪೂ ಅಲ್ಲ ಎಂದರಂತೆ ಡಾಕ್ಟರು. ಅಮ್ಮ ನಂಬಲಿಲ್ಲ. "ಹತ್ತು ನಿಮಿಷ ಮುಂಚೆ ಹೋಗಿ ನೋಡಿದ್ದಿದ್ದರೆ?" ಎಂದು ದಿನವೂ ಅಪ್ಪನನ್ನು ಕೇಳುತ್ತಿದ್ದಳು.

ಹಲ್ಲು ಮೂಡದ ಮಗುವಿಗೆ ಚಿತೆಯಿಲ್ಲ, ತಿಥಿಯಿಲ್ಲ. ಅಪ್ಪ ಮಣ್ಣು ಮಾಡಿ ಬಂದರು. ಬಂಧುಗಳು ಫೋನಿನಲ್ಲಿ "ಇನ್ನೊಂದಾಗುತ್ತೆ ಬಿಡಿ" ಎಂದರು. ಮೂರನೇ ದಿನ ಅಪ್ಪ ಆಫೀಸಿಗೆ ಹೋದರು. ಸಂಜೆ ಬಂದು ಬೂಟು ಬಿಚ್ಚದೆ ಗಂಟೆಗಟ್ಟಲೆ ಕುಳಿತಿರುತ್ತಿದ್ದರು.

ನಾನೂ ಅತ್ತೆ. ಆದರೆ ಇನ್ನು ಅಮ್ಮ ನನ್ನೊಬ್ಬಳಿಗೇ ಎಂಬ ಆಸೆಯೂ ಇತ್ತು, ಸುಳ್ಳು ಹೇಳಲಾರೆ. ಅದು ಕೈಗೂಡಲಿಲ್ಲ. ಜಡೆ ಹೆಣೆಯುವಾಗಲೂ ಅಮ್ಮನ ಕಣ್ಣು ಅವನು ಮಲಗುತ್ತಿದ್ದ ಮೂಲೆಯಲ್ಲಿ. ಇದ್ದಾಗ ಅವನು ಅತ್ತು ರಚ್ಚೆ ಹಿಡಿದಾದರೂ ಅಮ್ಮನಿಗೆ ಸಾಕುಸಾಕು ಮಾಡುತ್ತಿದ್ದ. ಈಗ ಅದೂ ಇಲ್ಲ. ಅವನ ಮುಂದೆ ನಾನು ಗೆಲ್ಲುವುದು ಹೇಗೆ?

ರಜೆ ಶುರುವಾಯಿತು. ಮಧ್ಯಾಹ್ನ ನಾನು ಮಲಗಿದರೆ ಅಮ್ಮ ಸದ್ದಿಲ್ಲದೆ ಬಂದು ನನ್ನ ಮೂಗಿನ ಕೆಳಗೆ ಬೆರಳಿಟ್ಟು ನೋಡುತ್ತಿದ್ದಳು. ಒಗ್ಗರಣೆಯ ಇಂಗಿನ ವಾಸನೆಯ ಆ ಬೆರಳು ನನಗೋಸ್ಕರವೇ ಬಂದದ್ದು! ಆದರೆ ಉಸಿರು ತಾಗಿದ್ದೇ ತಡ, ಹೊರಟುಹೋಗುತ್ತಿತ್ತು. ಒಂದು ದಿನ ನಾನು ಉಸಿರು ಬಿಗಿಹಿಡಿದೆ.

"ಪುಟ್ಟೀ! ಏಳೇ, ಪುಟ್ಟೀ!" ಅಮ್ಮನ ಚೀರಾಟಕ್ಕೆ ಮೇಲಿನ ಮನೆಯ ಆಂಟಿ ಓಡಿಬಂದರು. "ಕ್ಯಾ ಹುವಾ, ಕ್ಯಾ ಹುವಾ?" ನಾನು ಕಣ್ಣು ಬಿಟ್ಟೆ. ಅಮ್ಮ ನನ್ನನ್ನು ಅವುಚಿಕೊಂಡು ನಡುಗಿದಳು. ನನಗೂ ಹೆದರಿಕೆಯಾಯಿತು. ಆದರೆ ಎಷ್ಟೋ ತಿಂಗಳ ಮೇಲೆ ಆ ಮಡಿಲು ಸಿಕ್ಕಿತ್ತು. ಜುಲೈಯಲ್ಲಿ ಶಾಲೆ ತೆರೆಯುವವರೆಗೂ ಆಗಾಗ ಹಾಗೇ ಮಾಡಿದೆ. ಪ್ರತಿಸಲವೂ ಅಮ್ಮ ಅಲುಗಾಡಿಸಿದಳು, ಅಪ್ಪಿಕೊಂಡಳು.

ಹೋದ ವರ್ಷ ಅಮ್ಮ ಇಂದಿರಾಪುರಂನ ನನ್ನ ಫ್ಲ್ಯಾಟಿಗೆ ಬಂದಿದ್ದಾಗ, ಬಟಾಣಿ ಬಿಡಿಸುತ್ತಾ ಕೂತಿದ್ದೆವು. ಇಷ್ಟು ವರ್ಷ ಬಾಯಿಬಿಡದಿದ್ದುದನ್ನು ಹೇಳಿ ಕ್ಷಮೆ ಕೇಳಿದೆ.

"ಮೊದಲನೇ ದಿನ ಗೊತ್ತಾಗ್ಲಿಲ್ಲ," ಎಂದಳು ಅಮ್ಮ. "ಆಮೇಲೆ ಗೊತ್ತಿತ್ತು. ನಿನ್ನ ರೆಪ್ಪೆ ಅದುರ್ತಿತ್ತಲ್ಲ."

"ಮತ್ತೆ ಪ್ರತಿಸಲ ಯಾಕಮ್ಮ ಹಾಗೆ ಅಲುಗಾಡಿಸಿ ಎಬ್ಬಿಸ್ತಿದ್ದೆ?"

"ಅವನನ್ನ ಎಷ್ಟು ಅಲುಗಾಡಿಸಿದ್ರೂ ಏಳ್ಲಿಲ್ಲ ಕಣೇ. ನೀನು ಏಳ್ತಿದ್ದೆ."

ಅಮ್ಮ ಮತ್ತೆ ಬಟಾಣಿಗೆ ಕೈಹಾಕಿದಳು. ನನಗೆ ಅಳು ಬಂತು, ಅದರ ಹಿಂದೆಯೇ ಆ ಹಳೆಯ ಹೊಟ್ಟೆಕಿಚ್ಚೂ ಬಂತು. ಆ ಬೇಸಿಗೆಯಲ್ಲಿ ನನಗೆ ಸಿಕ್ಕಿದ್ದೇ ಕೆಲವು ಅಪ್ಪುಗೆ, ಅವೂ ಅವನವೇ. ಅವನ್ನೂ ಕಿತ್ತುಕೊಂಡೆಯಲ್ಲೋ ಎಂದು ಜಗಳ ತೆಗೆಯೋಣವೆಂದರೆ ತಮ್ಮನಿಲ್ಲ.