ಅಮ್ಮನಿಗೆ ತೊಡಿಸಿದ ನಡಿಗೆ

ಆ ಆರು ನಿಮಿಷದ ಕಾರ್ಟೂನು ನೋಡಿ ನಕ್ಕವರಿಗೆ ಲೆಕ್ಕವಿಲ್ಲ. ನಗದವರು ಇಬ್ಬರೇ. ಅದನ್ನು ಬರೆದ ತಮ್ಮ, ಅದಕ್ಕೆ ಬಣ್ಣ ತುಂಬಿದ ಅಕ್ಕ. ಅಕ್ಕ ಮೊದಮೊದಲು ನಗುತ್ತಿದ್ದಳು. ಆಮೇಲೆ ತಮ್ಮನ ಮುಖ ನೋಡಿ ಬಿಟ್ಟುಬಿಟ್ಟಳು.

ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಬಣ್ಣದಕ್ಕ ಎಂದೇ. ಮೂವತ್ತೊಂದು ವರ್ಷ ಔಷಧಿ ಸೀಸೆಗಳ ಕಾರ್ಖಾನೆಯಲ್ಲಿ ಚೀಟಿ ಅಂಟಿಸಿದಳು. ಸಂಜೆ ಮನೆಗೆ ಬಂದು ಕೈ ತೊಳೆದು, ಒಂದು ಗಳಿಗೆ ಕಣ್ಣು ಮುಚ್ಚಿ ದೇವರನ್ನು ನೆನೆದು, ತಮ್ಮ ಬರೆದಿಟ್ಟ ಹಾಳೆಗಳಿಗೆ ಬಣ್ಣ ತುಂಬಲು ಕೂರುತ್ತಿದ್ದಳು. ಮದುವೆ ಯಾಕೆ ಆಗಲಿಲ್ಲ ಎಂದು ಯಾರಾದರೂ ಕೇಳಿದರೆ, "ಬಣ್ಣ ಒಣಗಲೇ ಇಲ್ಲ, ಏಳೋಕಾಗ್ಲಿಲ್ಲ" ಎನ್ನುತ್ತಿದ್ದಳು.

ಕಾರ್ಟೂನಿನ ಹೆಸರು 'ಮುಂದಿನವರು'. ಒಬ್ಬ ಮುದುಕ ತಾನು ಬದುಕಿದ್ದೇನೆಂದು ಸರ್ಟಿಫಿಕೇಟ್ ಪಡೆಯಲು ಒಂದು ಕಚೇರಿಯ ಸಾಲಿನಲ್ಲಿ ನಿಂತಿರುತ್ತಾನೆ. ಸಾಲು ಕದಲುವುದಿಲ್ಲ. ನಿಂತಲ್ಲೇ ಸಾಯುತ್ತಾನೆ, ಆದರೆ ಜಾಗ ಹೋದೀತೆಂದು ಸಾಲು ಬಿಡುವುದಿಲ್ಲ. ಮಾಂಸ ಕರಗಿ ಮೂಳೆ ಮಾತ್ರ ಉಳಿಯುತ್ತದೆ. ಕೊನೆಗೆ ಕಿಟಕಿ ಮುಟ್ಟಿದಾಗ ಗುಮಾಸ್ತ ತಲೆಯೆತ್ತದೆ, "ಫೋಟೋದಲ್ಲಿರೋ ಥರ ಇಲ್ವಲ್ಲ. ಮುಂದಿನವರು" ಎನ್ನುತ್ತಾನೆ. ಎಲುಬಿನ ಗೂಡು ಒಂದು ಮಾತೂ ಆಡದೆ, ಜಾರುವ ಪ್ಯಾಂಟು ಹಿಡಿದುಕೊಂಡು, ಮತ್ತೆ ಸಾಲಿನ ತುದಿಗೆ ನಡೆಯುತ್ತದೆ. ಎರಡು ಹೆಜ್ಜೆ, ಮಂಡಿಯಲ್ಲೊಂದು ಜಗ್ಗು. ಮತ್ತೆ ಎರಡು ಹೆಜ್ಜೆ, ಮತ್ತೊಂದು ಜಗ್ಗು.

ತಮ್ಮ ಅದನ್ನು ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ, ಹನ್ನೊಂದು ವಾರದಲ್ಲಿ, ಗೆಳೆಯರ ಜೊತೆ ಪಂಥ ಕಟ್ಟಿ ಮಾಡಿದ್ದ. ಅಷ್ಟಕ್ಕೇ ಮುಗಿಯಬೇಕಿತ್ತು. ಆದರೆ ಸಾಲಿನಲ್ಲಿ ನಿಂತು ಕಾಲು ಸೋತವರೆಲ್ಲ ಅದು ತಮ್ಮದೇ ಕಥೆ ಅಂದುಕೊಂಡರು. ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ, ಆಮೇಲೆ ಫೋನಿನಿಂದ ಫೋನಿಗೆ ಹರಿದಾಡಿತು. ಅಂಗಿಗಳ ಮೇಲೆ ಎಲುಬಿನ ಮುದುಕ ಬಂದ. ಒಮ್ಮೆ ಒಬ್ಬ ಹೆಂಗಸು ಬಣ್ಣದಕ್ಕನ ಕೈ ಹಿಡಿದು ಹೇಳಿದ್ದಳು: "ನಮ್ಮಪ್ಪ ಆಸ್ಪತ್ರೆ ಸಾಲಲ್ಲೇ ಹೋಗಿಬಿಟ್ರು. ಹತ್ತು ದಿನ ಕಣ್ಣಿಗೆ ನಿದ್ದೆ ಇರ್ಲಿಲ್ಲ. ನಿಮ್ಮ ಮುದುಕನ್ನ ನೋಡಿ ಹೊಟ್ಟೆ ಹಿಡ್ಕೊಂಡು ನಕ್ಕೆ, ಆಮೇಲೆ ಮಲಗಿದೆ." ಬಣ್ಣದಕ್ಕ ಅದನ್ನು ತಮ್ಮನಿಗೆ ಹೇಳಿದಳು. ಅವನು, "ನಿದ್ದೆ ಮಾತ್ರೆ ಥರ ಆಗಿದೆ ನನ್ನ ಬಾಳು" ಎಂದು ಗೋಡೆ ಕಡೆ ತಿರುಗಿದ.

ಅವನ ಮನಸ್ಸೆಲ್ಲ ಇನ್ನೊಂದು ಚಿತ್ರದಲ್ಲಿತ್ತು. ಅದು ಅಮ್ಮನ ಚಿತ್ರ. ಅಮ್ಮನ ಕೊನೆಯ ಚಳಿಗಾಲದಲ್ಲಿ, ಏಳಲೂ ಆಗದ ಅವಳು ಹಾಸಿಗೆಯಿಂದೆದ್ದು, ಗೋಡೆ ಹಿಡಿದು, ಉದ್ದನೆಯ ಓಣಿಯಂಥ ಪಡಸಾಲೆ ದಾಟಿ, ಮಕ್ಕಳು ಮಲಗಿದ್ದ ಕೋಣೆಯ ಕಿಟಕಿ ಮುಚ್ಚಿ ಬಂದಿದ್ದಳು. ಮಕ್ಕಳಿಬ್ಬರೂ ಎಚ್ಚರವಾಗಿದ್ದರು. ಇಬ್ಬರೂ ಏಳಲಿಲ್ಲ. ಅದನ್ನೇ ಅವನು ಇಪ್ಪತ್ತೊಂಬತ್ತು ವರ್ಷ ಬರೆದ, ಅಳಿಸಿದ, ಬರೆದ. ಒಂಬತ್ತು ನಿಮಿಷ ಮುಗಿದಿತ್ತು. ನಡುವೆ ಆ ಪಡಸಾಲೆಯ ನಡಿಗೆ ಮಾತ್ರ ಬಾಕಿ. ಅದರಲ್ಲೂ ಅಮ್ಮನ ಮುಖ, ಗೋಡೆ ಹಿಡಿದ ಕೈ, ಬಾಗಿದ ಬೆನ್ನು ಎಲ್ಲ ಆಗಿತ್ತು. ಕಾಲುಗಳು ಉಳಿದಿದ್ದವು, ನಲವತ್ತೆಂಟು ಹಾಳೆ. ಅಷ್ಟರಲ್ಲಿ ಅವನ ಕೈ ನಡುಗಲು ಶುರುವಾಯಿತು.

"ನಾಳೆ ಬರೀತೀನಿ" ಎನ್ನುತ್ತ ಎರಡು ವರ್ಷ ಕಳೆದ. ಮೂರನೇ ವರ್ಷ ಹಾಸಿಗೆ ಹಿಡಿದ. ಡಾಕ್ಟರು ಅಕ್ಕನನ್ನು ಹೊರಗೆ ಕರೆದು, ಇನ್ನೆರಡು ತಿಂಗಳು ಅಂದರು.

ಆಗ ಬಣ್ಣದಕ್ಕ ಕಾರ್ಟೂನು ಕಸುಬಿನವರು ಮಾತ್ರ ಮಾಡುವಂಥ ಒಂದು ಕೆಲಸ ಮಾಡಿದಳು. ಅಲ್ಲಿ ಒಮ್ಮೆ ಬರೆದ ನಡಿಗೆಯನ್ನು ಯಾರೂ ಎಸೆಯುವುದಿಲ್ಲ. ಕಟ್ಟು ಕಟ್ಟಿ ಇಟ್ಟುಕೊಂಡು, ಬೇಕಾದಾಗ ಅಡಿಯಲ್ಲಿ ದೀಪವಿರುವ ಗಾಜಿನ ಮೇಲಿಟ್ಟು, ಅದರ ಮೇಲೆ ಬೇರೆ ಮೈ, ಬೇರೆ ಬಟ್ಟೆ ತೊಡಿಸುತ್ತಾರೆ. ಪೊಲೀಸಿನವನ ನಡಿಗೆಯೇ ಪೋಸ್ಟಿನವನದೂ ಆಗುತ್ತದೆ. ಅವಳು ಕಪಾಟಿನಿಂದ ಮುದುಕನ ಹದಿನಾರು ಹಾಳೆಯ ಕಟ್ಟು ತೆಗೆದಳು. ಮೂರು ಸಲ ಸುತ್ತಿಸಿದರೆ ನಲವತ್ತೆಂಟು. ಮೂಳೆಯ ಮೇಲೆ ಅಮ್ಮನ ನಿಲುವಂಗಿಯ ಅಂಚು ಎಳೆದಳು, ಕೆಳಗೆ ಸವೆದ ಚಪ್ಪಲಿ ಬರೆದಳು. ಯಾರಿಗೆ ಗೊತ್ತಾಗುತ್ತೆ ಅಂದುಕೊಂಡಳು. "ಕಾಲಿನದೂ ಅರ್ಧ ಬರೆದಿಟ್ಟಿದ್ದೆ, ನಿನಗೇ ಮರೆತಿದೆ, ಮಿಕ್ಕಿದ್ದು ನಾನು ತುಂಬಿದೆ" ಎಂದು ತಮ್ಮನಿಗೆ ಸುಳ್ಳು ಹೇಳಿದಳು. ಅವನು ಪುಟ್ಟ ಪರದೆಯಲ್ಲಿ ನೋಡುವಾಗ ಕಾಲಿನ ಕಡೆ ಕಣ್ಣು ಹಾಯಿಸಲೇ ಇಲ್ಲ. ಅಮ್ಮನ ಮುಖವನ್ನಷ್ಟೇ ನೋಡಿದ.

"ಯಾರಾದ್ರೂ ಒಂದು ಸಲ ಇದನ್ನ ಸುಮ್ನೆ ಕೂತು ನೋಡಿದ್ರೆ ಸಾಕು ಅಕ್ಕಾ," ಎಂದ. "ನಗದೆ."

'ಮುಂದಿನವರು' ಚಿತ್ರವನ್ನು ಪ್ರತಿವರ್ಷ ಒಂದು ಕಾಲೇಜಿನ ಸಭಾಂಗಣದಲ್ಲಿ ತೋರಿಸುತ್ತಿದ್ದರು. ಅಲ್ಲಿನ ಕನ್ನಡಕದ ಮೇಡಂ ಈ ಸಲ ಅದಕ್ಕೂ ಮೊದಲು ಅಮ್ಮನ ಚಿತ್ರ ತೋರಿಸಲು ಒಪ್ಪಿದರು. ಭಾನುವಾರ ಮಧ್ಯಾಹ್ನ ಬಣ್ಣದಕ್ಕ ಒಬ್ಬಳೇ ಹೋಗಿ ಮೂರನೇ ಸಾಲಿನಲ್ಲಿ ಕೂತಳು. ಹಿಂದೆ ಎಲುಬಿನ ಅಂಗಿ ತೊಟ್ಟ ಇಬ್ಬರು.

"ಇದು ನನ್ನ ಹತ್ತೊಂಬತ್ತನೇ ಸಲ, ಗೊತ್ತಾ?"

"ಎಣಿಸ್ಕೊಂಡು ಕೂತಿದ್ದೀಯಲ್ಲ ಮಾರಾಯ. ಸಾಲಲ್ಲಿ ನಿಂತವನೂ ನಿನಗಿಂತ ವಾಸಿ."

ದೀಪ ಆರಿತು. ಅಮ್ಮನ ಮುಖ ಪರದೆ ತುಂಬಿತು. ಕೆಮ್ಮು, ಕಿಟಕಿಯ ಬಡಿತ, ಹೊದಿಕೆಯೊಳಗೆ ಎರಡು ಪುಟ್ಟ ತಲೆ. ಸಭಾಂಗಣ ತುಟಿ ಪಿಟಕ್ಕೆನ್ನಲಿಲ್ಲ. ಪಕ್ಕದ ಹೆಂಗಸು ಬಾಯಿಯ ಮೇಲೆ ಕೈಯಿಟ್ಟುಕೊಂಡದ್ದನ್ನು ಬಣ್ಣದಕ್ಕ ಓರೆಗಣ್ಣಿನಲ್ಲಿ ಕಂಡಳು. ದೇವರೇ, ಹೀಗೇ ಇರಲಿ ಎಂದು ಬೇಡಿಕೊಂಡಳು.

ಅಮ್ಮ ಎದ್ದಳು. ಗೋಡೆಗೆ ಕೈಯೂರಿದಳು. ಎರಡು ಹೆಜ್ಜೆ, ಮಂಡಿಯಲ್ಲೊಂದು ಜಗ್ಗು.

ಹಿಂದೆ ಯಾರೋ ಮೂಗಿನಲ್ಲಿ ನಕ್ಕರು. ಮತ್ತೆ ಎರಡು ಹೆಜ್ಜೆ, ಮತ್ತೊಂದು ಜಗ್ಗು. ಆ ಜಗ್ಗನ್ನು ನೂರು ಸಲ ನೋಡಿದವರು ಅವರು. ಸಾಲುಸಾಲಾಗಿ ನಗು ಹತ್ತಿಕೊಂಡಿತು. "ಮುಂದಿನವರು" ಎಂದು ಒಬ್ಬ ಕೂಗಿದ, ಇಡೀ ಸಭಾಂಗಣ ಕೂಗಿತು. ಬಾಯಿಯ ಮೇಲೆ ಕೈಯಿಟ್ಟಿದ್ದ ಹೆಂಗಸಿಗೂ ಕಣ್ಣಲ್ಲಿ ನೀರು ಬರುವಷ್ಟು ನಗು. ಯಾರಲ್ಲೂ ಕುಹಕವಿರಲಿಲ್ಲ. ಹಳೆಯ ನೆಂಟನನ್ನು ದಾರಿಯಲ್ಲಿ ಕಂಡವರ ಹಾಗೆ ನಕ್ಕರು. ಅಮ್ಮ ಕಿಟಕಿ ಮುಚ್ಚಿದಾಗ ಶಿಳ್ಳೆ ಬಿತ್ತು.

ಬಣ್ಣದಕ್ಕ ಕೂತಲ್ಲೇ ಕೂತಿದ್ದಳು. ಮೇಡಂ ಓಡಿ ಬಂದರು.

"ಎಂಥ ತಲೆ ನಿಮ್ಮ ತಮ್ಮಂದು. ಆ ನಡಿಗೆ ತಂದು ಇಲ್ಲಿಡೋದು ಅಂದ್ರೆ. ನನಗೆ ಹೊಳೀತಾನೇ ಇರ್ಲಿಲ್ಲ, ತಿಳೀತಾ?"

"ನಾನೇ ಮನೆಗೆ ಹೋಗಿ ಹೇಳ್ತೀನಿ ಮೇಡಂ."

"ಅಯ್ಯೋ, ಆಗ್ಲೇ ಫೋನ್ ಮಾಡ್ದೆ. ಫೋನ್ ಎತ್ತಿ ಹಿಡಿದಿದ್ದೆ, ನಗು ಪೂರ್ತಿ ಕೇಳಿಸಿದೆ ಅವರಿಗೆ."

ಅವಳು ಮನೆಯ ಮೆಟ್ಟಿಲು ಹತ್ತಿ ಒಳಗೆ ಬಂದಳು. ತಮ್ಮ ದಿಂಬಿಗೆ ಒರಗಿ, ಬಾಗಿಲನ್ನೇ ನೋಡುತ್ತ ಕೂತಿದ್ದ.

"ಎಲ್ಲಿ ನಕ್ರು?"

"ಅಮ್ಮ ನಡೆಯೋವಾಗ."

ಅವನು ಹೊದಿಕೆಯನ್ನು ಎದೆಯವರೆಗೆ ಎಳೆದುಕೊಂಡ. ಆಮೇಲೆ, "ಹಾಗಾದ್ರೆ ನನಗೆ ಅಮ್ಮನ್ನ ಬರೆಯೋಕೇ ಬರ್ಲಿಲ್ಲ" ಎಂದ. "ಏನು ಬರೆದ್ರೂ ಆ ಮುದುಕನೇ ಬರ್ತಾನೆ. ಇಪ್ಪತ್ತೊಂಬತ್ತು ವರ್ಷ ಅಕ್ಕಾ. ನಿನ್ನನ್ನೂ ತೇಯ್ದುಬಿಟ್ಟೆ."

ಸುಮ್ಮನಿದ್ದರೆ ಸುಳ್ಳು ಉಳಿಯುತ್ತಿತ್ತು, ಆದರೆ ತಮ್ಮ ಹೀಗೆ ಅಂದುಕೊಂಡೇ ಕಣ್ಣು ಮುಚ್ಚುತ್ತಿದ್ದ. ಅವಳು ಕಪಾಟು ತೆರೆದು ಮುದುಕನ ಕಟ್ಟು, ಅಮ್ಮನ ಕಟ್ಟು ಎರಡನ್ನೂ ತಂದು ಅವನ ಮಡಿಲಲ್ಲಿಟ್ಟಳು.

"ಮುದುಕನ್ನ ನೀನು ತರ್ಲಿಲ್ಲ. ನಾನು ತಂದೆ. ಕಾಲು ಅವನವು."

ಅವನು ಒಂದರ ಮೇಲೊಂದು ಹಾಳೆಯಿಟ್ಟು ಕಿಟಕಿಯ ಬೆಳಕಿಗೆ ಹಿಡಿದ. ಗೆರೆ ಗೆರೆಗೆ ಕೂತಿತು.

"ನನ್ನನ್ನ ಕೇಳ್ಬೇಕಿತ್ತು."

"ಕೇಳಿದ್ರೆ ನಾಳೆ ಬರೀತೀನಿ ಅಂತಿದ್ದೆ."

"ಹೂಂ. ಅಂತಿದ್ದೆ." ಹಾಳೆ ಕೆಳಗಿಟ್ಟ. "ಪಾಪ, ಅವರದ್ದೇನೂ ತಪ್ಪಿಲ್ಲ. ನಾನಾದ್ರೂ ನಗ್ತಿದ್ದೆ."

ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತು. ಬೈಯಲಿಲ್ಲ. ಹಲಗೆ ಕೊಡು, ಪೆನ್ಸಿಲ್ ಕೊಡು ಎಂದ. ಅವಳು ಹಾಳೆ ಕದಲದಂತೆ ಹಲಗೆಯ ಗೂಟಕ್ಕೆ ಸಿಕ್ಕಿಸಿ, ಮೂಲೆಯಲ್ಲಿ ಒಂದು ಎಂದು ಬರೆದು ಅವನ ಮಂಡಿಯ ಮೇಲಿಟ್ಟಳು.

ಒಂದು ಪಾದ ಬರೆಯಲು ಅವನಿಗೆ ಹೊತ್ತು ಇಳಿಯುವವರೆಗೂ ಹಿಡಿಯಿತು. ಬಲಗೈಯನ್ನು ಎಡಗೈಯಿಂದ ಹಿಡಿದು ಬರೆದ. ಬೆವರು ಕಾಗದದ ಮೇಲೆ ಬಿತ್ತು. ಅವಳು ಒರೆಸಿದಳು. ಮುಗಿದಾಗ ಗೆರೆ ಹುಳ ಹರಿದಂತಿತ್ತು. ಚಪ್ಪಲಿ ಯಾವುದು, ಹಿಮ್ಮಡಿ ಯಾವುದು ತಿಳಿಯುತ್ತಿರಲಿಲ್ಲ. ಇಂಥ ನಲವತ್ತೆಂಟು ಹಾಳೆ ಓಡಿಸಿದರೆ ಪರದೆಯ ಮೇಲೆ ಏನು ಕಾಣುತ್ತದೆಂದು ಅವಳಿಗೆ ಗೊತ್ತಿತ್ತು. ಉಳಿದ ದಿನಗಳೆಷ್ಟು ಎನ್ನುವುದೂ ಗೊತ್ತಿತ್ತು.

"ಸರಿಯಾಗಿದೆಯಾ?" ಎಂದು ಕೇಳಿದ.

ಒಂದು ಸಲ ಸುಳ್ಳು ಹೇಳಿದ್ದಾಗಿತ್ತು. ಅವಳು ಹಾಳೆಯನ್ನು ಮತ್ತೊಮ್ಮೆ ನೋಡಿದಳು.

"ಇಲ್ಲ."

"ಹಾಗಾದ್ರೆ ಇನ್ನೊಂದು ಹಾಕು."

ಬಣ್ಣದಕ್ಕ ಹೊಸ ಹಾಳೆ ಸಿಕ್ಕಿಸಿ, ಮೂಲೆಯಲ್ಲಿ ಮತ್ತೆ ಒಂದು ಎಂದೇ ಬರೆದಳು.