ಜಾಲಿಕಂಟಿಯೊಳಗಿನ ಕಲ್ಲು

ಕುಳಗೇರಿ ಕ್ರಾಸಿನಿಂದ ಬಾಡಿಗೆಗೆ ಹೇಳಿದ್ದ ಜೆಸಿಬಿ ಬೆಳಿಗ್ಗೆ ಎಂಟಕ್ಕೆಲ್ಲ ಹೊಲದ ಬದುವಿಗೆ ಬಂದು ನಿಂತಿತು. ಅದನ್ನು ಓಡಿಸುವವನು ನಲವತ್ತರ ಆಸುಪಾಸಿನ ಮನುಷ್ಯ. ಒಂದು ಕಾಲದಲ್ಲಿ ನನ್ನ ಬಸ್ಸಿನಲ್ಲೇ ಕಾಲೇಜಿಗೆ ಓಡಾಡಿದವನಂತೆ. ನಾನು ನಿವೃತ್ತನಾಗಿ ವರ್ಷವಾದರೂ ಕಂಡಕ್ಟರ್ ಸಾಹೇಬ್ರು ಎಂದೇ ಕರೆದ. ಕೆಳಗಿಳಿದು, ಆಳೆತ್ತರ ಮೀರಿ ಬೆಳೆದಿದ್ದ ಬಳ್ಳಾರಿ ಜಾಲಿಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದ.

"ಒಳಗ ಏನರ ಐತೇನ್ರಿ ಸಾಹೇಬ್ರ? ಹಳೇ ಬಾವಿ, ಪೈಪು, ಏನರ?"

"ನನ್ನ ಹೆಂಡತಿ ಅದಾಳ," ಎಂದೆ.

ಅವನು ತಲೆಗೆ ಸುತ್ತಿದ್ದ ಟವೆಲ್ ತೆಗೆದು ಹೆಗಲಿಗೆ ಹಾಕಿಕೊಂಡು, "ಜಾಗಾ ಗೊತ್ತೈತಿಲ್ರಿ?" ಎಂದ.

"ಗೊತ್ತೈತಿ," ಎಂದೆ. ಗೊತ್ತಿರಲಿಲ್ಲ.

ನಮ್ಮಲ್ಲಿ ಹೊಲವಿದ್ದವರು ತಮ್ಮ ಹೊಲದಲ್ಲೇ ಮಣ್ಣು ಮಾಡುತ್ತಾರೆ. ಹನ್ನೆರಡು ವರ್ಷದ ಹಿಂದೆ ಅವಳನ್ನೂ ಹಾಗೆಯೇ ಮಾಡಿದೆವು. ಗುರುತಿಗೆಂದು ಮೊಣಕಾಲೆತ್ತರದ ಒಂದು ಕೆಂಪು ಕಲ್ಲು ನಿಲ್ಲಿಸಿದ್ದೆ. ರಜೆ ಸಿಕ್ಕಾಗ ಕಟ್ಟೆ ಕಟ್ಟಿಸೋಣವೆಂದುಕೊಂಡೆ. ರಜೆ ಸಿಕ್ಕಾಗಲೆಲ್ಲ ಬಾದಾಮಿಯ ಮನೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದೆ. ರಸ್ತೆ ಪಕ್ಕದ ಬೇವಿನ ಮರದಿಂದ ಒಳಕ್ಕೆ ಅರವತ್ತು ಹೆಜ್ಜೆ ಎಂದು ಮನಸ್ಸಿನಲ್ಲಿ ಗುರುತಿಟ್ಟುಕೊಂಡಿದ್ದೆ. ರಸ್ತೆ ಅಗಲ ಮಾಡುವಾಗ ಬೇವಿನ ಮರ ಹೋಯಿತು. ಈಗ ಆ ಅರವತ್ತು ಹೆಜ್ಜೆಯನ್ನು ಎಲ್ಲಿಂದ ಶುರು ಮಾಡಬೇಕೆಂದು ಯಾರನ್ನು ಕೇಳಲಿ?

ಬಾದಾಮಿಯಿಂದ ಕುಳಗೇರಿ ಕ್ರಾಸಿನ ರೂಟೇ ನನ್ನದು. ದಿನಕ್ಕೆ ನಾಲ್ಕು ಸಲ ಆ ಹೊಲದ ಮುಂದೆ ಹಾದುಹೋಗಿದ್ದೇನೆ. ಕಂಡಕ್ಟರನಿಗೆ ಒಂದು ಅನುಕೂಲವಿದೆ, ಬೇಕೆಂದಾಗ ಕಿಟಕಿಗೆ ಬೆನ್ನು ತಿರುಗಿಸಿ 'ಟಿಕೆಟ್, ಟಿಕೆಟ್' ಎನ್ನಬಹುದು. ಟಿಕೆಟ್ ತೆಗೆಸಿದವರನ್ನೇ ಮತ್ತೆ ಕೇಳಿ ಬೈಸಿಕೊಂಡದ್ದೂ ಉಂಟು. ಅಲ್ಲಿ ಸ್ಟಾಪ್ ಇಲ್ಲವಲ್ಲ, ಇಳಿಯುವುದು ಹೇಗೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಖರೆ ಹೇಳಬೇಕೆಂದರೆ, ಕೈ ಮಾಡಿದ ಮುದುಕಿಯರಿಗೆಲ್ಲ ಸ್ಟಾಪ್ ಇಲ್ಲದ ಕಡೆ ಬಸ್ಸು ನಿಲ್ಲಿಸಿ ಡ್ರೈವರನಿಂದ ಅನ್ನಿಸಿಕೊಂಡವನು ನಾನು.

ನಮಗೆ ಮಕ್ಕಳಿರಲಿಲ್ಲ. ನಾನು ಹೊರಗೆ ಉಳಿಯುವ ಡ್ಯೂಟಿ ಬಿದ್ದಾಗಲೆಲ್ಲ ಅವಳು ಪಕ್ಕದ ಮನೆಯ ಅಜ್ಜಿಯನ್ನು ಕರೆದು ಜೊತೆಗೆ ಮಲಗಿಸಿಕೊಳ್ಳುತ್ತಿದ್ದಳು. "ಒಬ್ಬಾಕೀನ ಇರೂದು ನನಗ ಆಗೂದಿಲ್ಲ," ಎಂಬುದು ಅವಳ ಮಾತು. ಅವಳು ಹೋದ ಮೇಲೆ ಆ ಮಾತೇ ನನ್ನನ್ನು ಹಿಡಿದುಕೊಂಡಿತು. ಸುಗ್ಗಿ ಮುಗಿದ ಮೇಲೆ ನಮ್ಮ ಕಡೆ ಬೀರಪ್ಪ ದೇವರ ಒಕ್ಕಲಿನ ಕುರಿಗಾರರನ್ನು ಕರೆದು ಹೊಲದಲ್ಲಿ ಹಟ್ಟಿ ಹಾಕಿಸುತ್ತಾರೆ. ಕುರಿ ಮಲಗಿದ ಹೊಲಕ್ಕೆ ಹಿಕ್ಕೆಯೇ ಗೊಬ್ಬರ. ನನಗೆ ಗೊಬ್ಬರ ಬೇಕಿರಲಿಲ್ಲ, ಬಿತ್ತುವವರೇ ಇರಲಿಲ್ಲ. ಆದರೂ ಪರಿಚಯದ ಒಬ್ಬ ಕುರಿಗಾರನಿಗೆ ಹೇಳಿಕಳಿಸಿದೆ. ಅವರೆಲ್ಲ ಇದ್ದಷ್ಟು ದಿನವಾದರೂ ಅವಳ ಸುತ್ತ ಉಸಿರಾಡುವ ಜೀವಗಳಿರಲಿ ಎಂದು. ನಾಲ್ಕು ವರ್ಷ ಅವರು ಬಂದರು. ಆಮೇಲೆ ಜಾಲಿ ಎದ್ದಿತು, ಮುಳ್ಳಿನೊಳಗೆ ಕುರಿ ಮಲಗಲಾರವು ಎಂದು ಅವರೂ ಬಿಟ್ಟರು.

ನಿವೃತ್ತಿಯಾದ ಮೇಲೆ ನನಗೆ ಹೋಗಲು ಬೇರೆ ಜಾಗವೇ ಇರಲಿಲ್ಲ. ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಎಷ್ಟು ದಿನ ಬಸ್ಸುಗಳ ಹಿಂಭಾಗ ನೋಡುವುದು? ಹೊಲ ಹಸನು ಮಾಡಿಸಿ, ಅವಳಿದ್ದ ಕಡೆ ಹೋಗಿ ಕೂರಬೇಕೆನಿಸಿತು.

ಯಂತ್ರ ಶುರುವಾಯಿತು. ಅದರ ಸದ್ದಿನಲ್ಲಿ ನನ್ನ ಕೂಗು ಅವನಿಗೆ ಕೇಳುವಂತಿರಲಿಲ್ಲ. ಜೇಬಿನಲ್ಲಿ ಹಳೆಯ ಸೀಟಿ ಇತ್ತು, ಡ್ಯೂಟಿ ಬಿಟ್ಟರೂ ಅದನ್ನು ಬಿಟ್ಟಿರಲಿಲ್ಲ. ಎರಡು ಸೀಟಿ ಅಂದರೆ ರೈಟ್, ಒಂದು ಅಂದರೆ ನಿಲ್ಲಿಸು. ಅವನಿಗೆ ಹೇಳಿಕೊಡಬೇಕಾಗಲೇ ಇಲ್ಲ. ಬಕೆಟ್ ನೆಲಕ್ಕಿಳಿದು ಜಾಲಿಯನ್ನು ಬೇರುಸಮೇತ ಎಬ್ಬಿಸುತ್ತಿತ್ತು. ನಾನು ಅದರ ಮುಂದೆ ಮುಂದೆ ಮುಳ್ಳು ಚುಚ್ಚಿಸಿಕೊಳ್ಳುತ್ತ, ಕಲ್ಲು ಕಂಡೀತೇ ಎಂದು ಬಗ್ಗಿ ನೋಡುತ್ತ ನಡೆದೆ. ಅರ್ಧ ಹೊಲ ಮುಗಿಯುವಷ್ಟರಲ್ಲಿ ಹನ್ನೆರಡು ಸಲವಾದರೂ ನಿಲ್ಲಿಸಿದೆ. ಪ್ರತಿ ಸಲವೂ ಬರೀ ಮಣ್ಣು, ಹೊರಗೆ ಬಿದ್ದ ಬೇರು. ಬಕೆಟ್ ಮೇಲೇಳುವಾಗಲೆಲ್ಲ ಅದರ ಹಲ್ಲಿನ ಕಡೆ ನೋಡಲು ಹೆದರಿಕೆಯಾಗುತ್ತಿತ್ತು.

ಕೊನೆಗೆ ಅವನು ಯಂತ್ರ ಬಂದ್ ಮಾಡಿ ಇಳಿದುಬಂದ. "ಸಾಹೇಬ್ರ, ನಿಮಗ ಗೊತ್ತಿಲ್ಲ ಹೌದಿಲ್ಲೋ?"

ನಾನು ಸೀಟಿಯನ್ನು ಜೇಬಿಗೆ ಹಾಕಿಕೊಂಡೆ. ಬಾದಾಮಿಯ ಬಸ್ಸೊಂದು ರಸ್ತೆಯಲ್ಲಿ ಹಾದುಹೋಯಿತು. ಅದೇ ಹೊತ್ತಿಗೆ ರಸ್ತೆಯ ಆಚೆ ಬದಿಯಲ್ಲಿ ಕುರಿ ಮೇಯಿಸುತ್ತಿದ್ದವನೊಬ್ಬ ನಮ್ಮ ಕಡೆ ದಾಟಿ ಬಂದ. ಹೆಗಲ ಮೇಲೆ ಕಂಬಳಿ, ಹಣೆಗೆ ಬೀರಪ್ಪನ ಅರಿಶಿನ ಭಂಡಾರ. ಹಟ್ಟಿ ಹಾಕಿಸಲು ನಾನು ಹೇಳಿಕಳಿಸಿದ್ದ ಆ ಕುರಿಗಾರನೇ, ಮೀಸೆ ಪೂರಾ ಬೆಳ್ಳಗಾಗಿತ್ತು.

"ಏನ್ ಹುಡುಕಾಕತ್ತೀರಿ ಅಣ್ಣಾರ?"

ಹೇಳಿದೆ. ಅವನು ಉಳಿದರ್ಧ ಹೊಲವನ್ನು ಒಮ್ಮೆ ನೋಡಿ, ಕೈಯಲ್ಲಿದ್ದ ಕೋಲನ್ನು ಎತ್ತಿ ತೋರಿಸಿದ. ಅಲ್ಲಿ ಜಾಲಿ ಮಿಕ್ಕೆಲ್ಲ ಕಡೆಗಿಂತ ದಟ್ಟವಾಗಿ, ಒಂದರೊಳಗೊಂದು ಹೆಣೆದುಕೊಂಡು ಗುಂಡಗೆ ಬೆಳೆದಿತ್ತು.

"ಅಲ್ಲೇ ಅದಾರ್ರಿ ಅಕ್ಕಾರು. ಅಕೀ ಸುತ್ತಾನ ಕೂಡ್ರಸು ಅಂತ ನೀವ ಹೇಳಿದ್ರಲ್ರಿ. ಕುರಿ ಹಗಲೆಲ್ಲಾ ದಾರ್ಯಾಗಿನ ಜಾಲಿ ಕಾಯಿ ತಿಂದು ಬರ್ತಿದ್ವು, ಇಲ್ಲಿ ಬಂದು ಹಿಕ್ಕಿ ಹಾಕ್ತಿದ್ವು. ಬೀಜ ಹೊಟ್ಟ್ಯಾಗ ಕರಗೂದಿಲ್ರಿ ಅದು."

ನಾನು ಬದುವಿನ ಮೇಲೆ ಕೂತುಬಿಟ್ಟೆ. ಅವಳು ಒಬ್ಬಳೇ ಇರಬಾರದೆಂದು ಕಳಿಸಿದ ಕುರಿಗಳೇ ಅವಳ ಸುತ್ತ ಮುಳ್ಳು ಬಿತ್ತಿದ್ದವು. ಬಿತ್ತಿಸಿದವನು ನಾನೇ. ಎಂಟು ವರ್ಷ ಅದರೊಳಗೆ ಒಂದು ನರಪಿಳ್ಳೆಯೂ ಹೋಗಿರಲಿಲ್ಲ. ಅಳು ಬಂತು. ಇಬ್ಬರು ಗಂಡಸರು ನೋಡುತ್ತಿದ್ದಾರೆಂದು ನಾಚಿಕೆಯೂ ಆಗಲಿಲ್ಲ.

ಆ ಗುಂಡಗಿನ ಜಾಗಕ್ಕೆ ಯಂತ್ರ ಹಚ್ಚಲಿಲ್ಲ. ಜೆಸಿಬಿಯವನು ಕೊಡಲಿ ತಂದ, ಕುರಿಗಾರ ಕುರಿಗೆ ಸೊಪ್ಪು ಕಡಿಯುವ ಉದ್ದ ಹಿಡಿಯ ಕುಡುಗೋಲು ತಂದ. ಮೂವರೂ ಸೇರಿ ಮಧ್ಯಾಹ್ನದವರೆಗೆ ಕಡಿದೆವು. ನಡುವೆ ಕಲ್ಲು ಸಿಕ್ಕಿತು. ವಾಲಿತ್ತು, ಬುಡದ ಸುತ್ತ ಬೇರು ಹೆಣೆದಿತ್ತು, ಆದರೆ ಬಿದ್ದಿರಲಿಲ್ಲ. ನಾನು ಮೈಯೆಲ್ಲ ಗೀರಾಗಿ ಅದರ ಪಕ್ಕ ಕೂತೆ. ಕುರಿಗಾರ ಕಲ್ಲಿಗೆ ಒಂದು ಚಿಟಿಕೆ ಭಂಡಾರ ಹಚ್ಚಿ ತನ್ನ ಕುರಿಗಳ ಕಡೆ ಹೋದ.

ಸಂಜೆಯ ಹೊತ್ತಿಗೆ ಉಳಿದ ಹೊಲವೂ ಬಯಲಾಯಿತು. ಜೆಸಿಬಿಯವನು ಯಂತ್ರವನ್ನು ರಸ್ತೆಗೆ ಹತ್ತಿಸಿ, ತಲೆ ಹೊರಗೆ ಹಾಕಿ ನನಗಾಗಿ ಕಾದ. ಕ್ರಾಸಿನವರೆಗೆ ಕರೆದೊಯ್ದು ಬಸ್ಸು ಹತ್ತಿಸುತ್ತೇನೆಂದು ಮೊದಲೇ ಹೇಳಿದ್ದ.

"ಬರ್ರಿ ಸಾಹೇಬ್ರ, ಹೊತ್ತಾತು."

ನಾನು ಕೂತಲ್ಲಿಂದಲೇ ಸೀಟಿ ತೆಗೆದು ಎರಡು ಸಲ ಊದಿದೆ.

"ನೀ ಹೋಗಪಾ," ಎಂದೆ. "ನಾ ಇಲ್ಲೇ ಇಳೀತೇನಿ."