ದೀಡ ನಮಸ್ಕಾರ ಮತ್ತು ಡ್ರೋನು

ಡ್ರೋನು ಹಾರಿಸುವ ಪೊಲೀಸರು ಮೊದಲು ಬೀದಿಯಲ್ಲಿ ನಿಂತು ಬಂದಿರಬೇಕೇ ಬೇಡವೇ ಎಂಬ ಚರ್ಚೆ ನಮ್ಮ ಠಾಣೆಯಲ್ಲಿ ವಾರವಿಡೀ ಚಹಾದ ಜೊತೆ ನಡೆಯಿತು. ನೆಲದ ಗುರುತಿಲ್ಲದೆ ಆಕಾಶಕ್ಕೆ ಏಣಿ ಹಾಕಿದರೆ ಹೇಗೆ ಎಂದು ನಾನು ವಾದಿಸಿದೆ. ನಿಜ ಹೇಳಬೇಕೆಂದರೆ ವಾದವೆಲ್ಲ ನನ್ನ ಮೊಣಕಾಲುಗಳದು. ಹದಿನೆಂಟು ವರ್ಷ ಮುಂಬೈ ಪಕ್ಕದ ಈ ಕಲ್ಯಾಣದ ರಸ್ತೆಗಳಲ್ಲಿ ಬಂದೋಬಸ್ತಿಗೆ ನಿಂತು ಅವು ಮುಷ್ಕರ ಹೂಡಿದ್ದವು. ಡ್ರೋನು ಹಾರಿಸುವವರು ಪರದೆಯ ಮುಂದೆ ಕೂರುವ ಆ ಕುರ್ಚಿ ನನಗೆ ಬೇಕೇ ಬೇಕಿತ್ತು.

ಇದ್ದದ್ದು ಒಂದೇ ಕುರ್ಚಿ. ಅದರ ಮೇಲೆ ಕಣ್ಣಿಟ್ಟವಳು ಇನ್ನೊಬ್ಬಳಿದ್ದಳು, ಹೊಸದಾಗಿ ಭರ್ತಿಯಾದ ಕಾನ್ಸ್‌ಟೇಬಲ್ ಹುಡುಗಿ. ಮೊಬೈಲ್ ಆಟದಲ್ಲಿ ಪಳಗಿದ ಬೆರಳುಗಳು. "ಹಾರಿಸೋಕೆ ಬೆರಳು ಸಾಕು, ಕಾಲು ಯಾಕೆ?" ಎಂದು ಸಾಹೇಬರು ಮರಾಠಿಯಲ್ಲಿ ನಕ್ಕರು. ನನಗೆ ಮೈಯೆಲ್ಲ ಉರಿಯಿತು.

ಶನಿವಾರ ಬೆಳಿಗ್ಗೆ ವಿಠ್ಠಲವಾಡಿಯಲ್ಲಿ ಪರೀಕ್ಷೆ. ಮೊದಲ ಸರದಿ ಅವಳದು. ಹದ್ದಿಗೂ ಹೊಟ್ಟೆಕಿಚ್ಚು ಬರುವ ಹಾಗೆ ಹಾರಿಸಿದಳು, ಸುಳ್ಳು ಯಾಕೆ ಹೇಳಲಿ. ಇದ್ದಕ್ಕಿದ್ದಂತೆ ಕೂಗಿದಳು:

"ಸರ್, ಏಕ್ ಔರತ್ ಗಿರ್ ರಹೀ ಹೈ! ಉಠ್ತೀ ಹೈ, ಫಿರ್ ಗಿರ್ತೀ ಹೈ. ಪೀಕೇ ಹೈ ಶಾಯದ್. ಹಾಥ್ ಮೇ ಡಂಡಾ ಭೀ ಹೈ!"

ಬೀಳುತ್ತ ಏಳುತ್ತ, ಕೈಯಲ್ಲಿ ದೊಣ್ಣೆ ಹಿಡಿದು ಹೊರಟ ಆ ಕುಡುಕಿಯನ್ನು ಎತ್ತಿಕೊಂಡು ಬರಲು ಗಾಡಿ ಕಳಿಸಬೇಕೆಂದು ಸಾಹೇಬರು ವೈರ್‌ಲೆಸ್ ಕೈಗೆತ್ತಿಕೊಂಡರು.

ನಾನು ಪರದೆಗೆ ಬಗ್ಗಿದೆ. ಒದ್ದೆ ಸೀರೆ. ಉದ್ದಕ್ಕೆ ಮಲಗಿ, ಕೈಚಾಚಿ ಕೋಲಿನಿಂದ ಒಂದು ಗೆರೆ. ಎದ್ದು ಆ ಗೆರೆಯ ಮೇಲೆ ನಿಂತು ಮತ್ತೆ ಉದ್ದಕ್ಕೆ. ವಿಜಯಪುರದ ಕಡೆಯವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

"ಕುಡಿದಿಲ್ಲ ಸಾಹೇಬ್ರೆ. ದೀಡ ನಮಸ್ಕಾರ ಹಾಕ್ತಿದಾರೆ. ಹನುಮಪ್ಪನ ಗುಡಿಗೆ ಹರಕೆ," ಎಂದು ಅವರ ಭಾಷೆಯಲ್ಲೇ ತಿಳಿಸಿದೆ. ಆಮೇಲೆ ಸೀರೆಯ ಅಂಚು ಕಣ್ಣಿಗೆ ಬಿತ್ತು. ದೀಪಾವಳಿಗೆ ನಾನೇ ಕೊಡಿಸಿದ ಸೀರೆ.

"ನಮ್ಮವ್ವ," ಎಂದು ಪರದೆಯ ಮೇಲೆ ಬೆರಳಿಟ್ಟೆ.

ಸಾಹೇಬರು ವೈರ್‌ಲೆಸ್ ಕೆಳಗಿಟ್ಟರು. "ನಿನ್ನ ಮಾತು ಖರೆ. ನೆಲ ಬಲ್ಲವರು ಬೇಕೇ ಬೇಕು," ಎಂದರು. ಕುರ್ಚಿ ಸಿಕ್ಕೇಬಿಟ್ಟಿತೆಂದು ನಾನು ಹಿಗ್ಗಿದೆ. ಅವರು ಮುಂದುವರಿಸಿದರು: "ನೆಲದ ಮೇಲೇ ಬೇಕು. ಓಡು, ಆಕೆಗೆ ಟ್ರಾಫಿಕ್ ನಿಲ್ಲಿಸು."

ಕುರ್ಚಿಯಲ್ಲಿ ಹುಡುಗಿಯೇ ಉಳಿದಳು. ನಾನು ಕುಂಟುತ್ತ ಓಡಿ, ರಿಕ್ಷಾಗಳಿಗೆ ಕೈ ಅಡ್ಡ ಹಿಡಿದು ನಿಂತೆ. ಅವ್ವ ಮಲಗಿದಲ್ಲಿಂದಲೇ ನನ್ನ ಬೂಟಿನ ಗುರುತು ಹಿಡಿದಳು.

"ನಿಂಗ ಕುಂತು ಮಾಡೋ ಕೆಲಸ ಸಿಗ್ಲಿ ಅಂತ ಹನುಮಪ್ಪಗ ಬೇಡಕೊಂಡೀನಿ. ನೀ ಇಲ್ಲ್ಯಾಕ ನಿಂತೀದಿ?"

"ನೀ ರಸ್ತೇದಾಗ ಮಲಕೊಂಡೀಯಲ್ಲ ಯವ್ವ, ಅದಕ್ಕ," ಎಂದೆ.